ಎಪ್ಪತ್ತೆರಡರಲ್ಲಿ ಒಂದು ಪಾಲು

"ಇದು ಹಾರ್ತದೇನ್ರಿ?"

ಬೇಲಿಯಾಚೆಯಿಂದ ಬರುವ ಮೊದಲ ಪ್ರಶ್ನೆ ಯಾವಾಗಲೂ ಇದೇ. ಪಕ್ಕದ ಮನೆಯ ಗೌಡರು ಕೇಳುತ್ತಾರೆ, ಅವರ ಮನೆಗೆ ಬಂದ ಬೀಗರು ಕೇಳುತ್ತಾರೆ, ನಾಟಿ ಮುಗಿಸಿ ಹೊರಟ ಹೆಣ್ಣಾಳುಗಳೂ ಬುತ್ತಿ ಗಂಟು ಹಿಡಿದು ಒಂದು ಗಳಿಗೆ ನಿಂತು ಕೇಳುತ್ತಾರೆ. ನಾನು ಪಡಸಾಲೆಯ ಕಟ್ಟೆಯ ಮೇಲೆ ಕೂತಿರುತ್ತೇನೆ. ಎದುರಿಗೆ ಉಜ್ಜು ಕಾಗದ, ಚಿಮಟ, ಅಕ್ಕಸಾಲಿಗರು ಬಳಸುವ ಸೂಜಿಯಂಥ ಅರಗಳು, ಒಂದು ಬಟ್ಟಲು ನೀರು. ಕೈಯಲ್ಲಿ ಅಂಗೈ ತುಂಬುವಷ್ಟು ದೊಡ್ಡ ವಿಮಾನ. ಹಾರುವುದಿಲ್ಲ ಅಂದ ಕೂಡಲೇ ಎರಡನೆಯ ಪ್ರಶ್ನೆ ಬರುತ್ತದೆ: "ಮತ್ತ ಯಾಕ್ರಿ ಇಷ್ಟು ಜತನ?"

ಗೌಡರಿಗೆ ನಾನು ಹೇಳಿದ ಉತ್ತರ ಇದು. "ಗೌಡ್ರ, ಮಣ್ಣೆತ್ತಿನ ಅಮಾಸಿಗೆ ನಿಮ್ಮ ಮನ್ಯಾಗ ಎತ್ತು ಮಾಡ್ತೀರಲ್ಲ, ಅವು ಗಳೇ ಹೊಡೀತಾವೇನು?" ಅವರು ನಕ್ಕರು. ಆದರೆ ಎತ್ತಿನ ವಿಷಯ ಬಂದರೆ ಗೌಡರು ಸುಮ್ಮನಿರುವವರಲ್ಲ. ಇಣಿ ಎಲ್ಲಿ ಏಳಬೇಕು, ಕೊಂಬು ಎಷ್ಟು ಬಾಗಬೇಕು, ಗಂಗೆದೊಗಲು ಎಷ್ಟು ಇಳಿಬಿದ್ದಿರಬೇಕು ಎಂದು ಬೇಲಿ ಹಿಡಿದುಕೊಂಡೇ ವಿವರಿಸಿದರು. ಎತ್ತು ಕಟ್ಟಿ ಒಕ್ಕಲುತನ ಮಾಡಿದವನ ಮಣ್ಣೆತ್ತಿಗೂ ಪೇಟೆಯಿಂದ ಅಚ್ಚು ಒತ್ತಿ ಬರುವ ಮಣ್ಣೆತ್ತಿಗೂ ಇರುವ ಅಂತರ ಅವರಿಗೆ ದೂರದಿಂದಲೇ ಕಾಣುತ್ತದೆ. ಅಷ್ಟು ಹೇಳಿದ ಮೇಲೆ ನಾನು ಹೆಚ್ಚಿಗೆ ಹೇಳುವುದು ಉಳಿಯಲಿಲ್ಲ. ವಿಮಾನವೂ ಹಾಗೇ. ಮಾಡುತ್ತಾ ಹೋದರೆ ಅದರ ಇಣಿ, ಕೊಂಬು ಎಲ್ಲ ತಿಳಿಯುತ್ತವೆ. ನೋಡಿದ್ದನ್ನು ಮರೆಯಬಹುದು, ಕೈಯಿಂದ ಮಾಡಿದ್ದನ್ನು ಮರೆಯುವುದು ಕಷ್ಟ.

ಈಗ ಕೈಯಲ್ಲಿರುವುದು ಬಸಂತ್. ಪೂರ್ತಿ ಹೆಸರು ಎಚ್‌ಎ-31 ಬಸಂತ್. ಬೆಂಗಳೂರಿನ ಹಿಂದೂಸ್ತಾನ್ ಏರೋನಾಟಿಕ್ಸ್‌ನವರು, ಅಂದರೆ ನಮ್ಮ ಎಚ್‌ಎಎಲ್‌ನವರು, ಹೊಲಕ್ಕೆ ಔಷಧ ಹೊಡೆಯಲೆಂದೇ ಮಾಡಿದ ವಿಮಾನ. ಈ ಮಾತು ಕೇಳಿ ಗೌಡರು ಬೇಲಿಗೆ ಇನ್ನೂ ಹತ್ತಿರ ಬಂದರು. "ಔಷಧ ಹೊಡ್ಯಾಕ ವಿಮಾನ ಇತ್ತಾ? ನಮ್ಮ ದೇಶದಾಗ? ನಮ್ಮ ಬೆಂಗಳೂರಾಗ?"

ಇತ್ತು. ಅದನ್ನು ಹೇಳಬೇಕೆಂದೇ ಈ ಹರಟೆ.

ನಮ್ಮೂರು ದಢೇಸುಗೂರು ತುಂಗಭದ್ರೆಯ ದಂಡೆಯ ಮೇಲಿದೆ. ಸೇತುವೆ ದಾಟಿದರೆ ಸಿರುಗುಪ್ಪದ ಸೀಮೆ, ಬಳ್ಳಾರಿ ಜಿಲ್ಲೆ. ಈಚೆ ಎಡದಂಡೆ ನಾಲೆಯ ನೀರು, ಆ ನೀರಿಗೆ ಭತ್ತ, ಭತ್ತಕ್ಕೆ ಕಂದು ಜಿಗಿಹುಳು, ಜಿಗಿಹುಳಕ್ಕೆ ಔಷಧ. ಬೆನ್ನಿಗೆ ಪಂಪು ಹೊತ್ತು ಕೆಸರಲ್ಲಿ ಇಳಿದು ಹೊಡೆಯುವ ಕೆಲಸ ಎಂಥದೆಂದು ಈ ಭಾಗದವರಿಗೆ ಹೇಳಿಕೊಡಬೇಕಿಲ್ಲ. ಈಚಿನ ವರ್ಷಗಳಲ್ಲಿ ಡ್ರೋನ್ ಬಂದಿದೆ. ಹತ್ತು ಲೀಟರಿನ ತೊಟ್ಟಿ ಹೊತ್ತ ಯಂತ್ರ ಗದ್ದೆಯ ಮೇಲೆ ಗುಂಯ್‌ಗುಡುತ್ತಾ ಹೋಗಿ ಎಕರೆಯನ್ನು ಹತ್ತು ನಿಮಿಷದೊಳಗೆ ಮುಗಿಸಿಬಿಡುತ್ತದೆ. ಕೇಂದ್ರ ಸರ್ಕಾರ 2023ರಲ್ಲಿ ಹದಿನೈದು ಸಾವಿರ ಮಹಿಳಾ ಸ್ವಸಹಾಯ ಸಂಘಗಳಿಗೆ ಡ್ರೋನ್ ಕೊಡುವ ಯೋಜನೆಯನ್ನೂ ಒಪ್ಪಿತು. ಡ್ರೋನ್ ಬಂದ ದಿನ ಹುಡುಗರೆಲ್ಲ ಬದುವಿನ ಮೇಲೆ ಸಾಲಾಗಿ ನಿಲ್ಲುತ್ತಾರೆ, ಮೊಬೈಲ್ ಎತ್ತಿ ಹಿಡಿಯುತ್ತಾರೆ. ಇದು ಜಗತ್ತಿಗೇ ಹೊಸದು, ಈಗ ತಾನೆ ಹುಟ್ಟಿದ್ದು ಎಂದು ಅವರ ಎಣಿಕೆ.

ಆದರೆ ಬಸಂತ್‌ನ ಅಂತಿಮ ರೂಪ ಮೊದಲು ಹಾರಿದ್ದು 1972ರ ಮಾರ್ಚ್ 30ರಂದು. ಅದಕ್ಕೂ ಮುಂಚೆ ಎಚ್‌ಎಎಲ್‌ನವರು ಒಂದು ಮಾದರಿ ಮಾಡಿದ್ದರು. ಅದು ಮನಸ್ಸಿಗೆ ಒಪ್ಪಲಿಲ್ಲ. ಒಂದಷ್ಟು ತಿದ್ದಿ ಮುಗಿಸದೆ ಇಡೀ ವಿನ್ಯಾಸವನ್ನೇ ಹೊಸದಾಗಿ ಬರೆದರು. ನನಗೆ ಆ ಎಂಜಿನಿಯರುಗಳ ಮೇಲೆ ಗೌರವ ಹುಟ್ಟಿಸುವುದು ಈ ಒಂದು ಸಂಗತಿ. ಹೊಸ ರೂಪದಲ್ಲಿ ನಾನೂರು ಅಶ್ವಶಕ್ತಿಯ ಲೈಕಮಿಂಗ್ ಎಂಜಿನ್, ಕೆಳಗೆ ಕೂಡಿಸಿದ ಉದ್ದ ರೆಕ್ಕೆ, ಮಡಚಿಕೊಳ್ಳದ ಗಟ್ಟಿ ಗಾಲಿಗಳು, ಹಿಂದೆ ಬಾಲಕ್ಕೊಂದು ಪುಟ್ಟ ಗಾಲಿ. ಎಂಜಿನಿಗೂ ಪೈಲಟ್‌ಗೂ ನಡುವೆ ಔಷಧದ ತೊಟ್ಟಿ. ಪೈಲಟ್ ಒಬ್ಬನೇ, ಅವನ ಗೂಡು ಎತ್ತರದಲ್ಲಿ. ಯಾಕೆ ಎತ್ತರ? ಬೆಳೆಯ ತುದಿಗೆ ಮೈ ಸೋಕುವಂತೆ ಹಾರುವವನಿಗೆ ಮೂಗಿನ ಆಚೆ ನೆಲ ಕಾಣಬೇಕು, ಮರ ಕಾಣಬೇಕು, ಕರೆಂಟಿನ ತಂತಿ ಕಾಣಬೇಕು. ತೊಟ್ಟಿ ಮುಂದೆ ಯಾಕೆ? ವಿಮಾನ ಬಿದ್ದರೆ ಭಾರವಾದದ್ದು ಪೈಲಟ್‌ನ ಬೆನ್ನ ಹಿಂದಿನಿಂದ ನುಗ್ಗಿ ಅವನನ್ನು ಹಿಂಡಬಾರದು. ಇಂಥ ಕೆಲಸದ ವಿಮಾನಗಳನ್ನೆಲ್ಲ ಹೀಗೇ ಮಾಡುತ್ತಾರೆ. ಮೈಕಟ್ಟು ನೋಡಿದರೆ ಗೂನುಬೆನ್ನಿನ ಮಿಡತೆ. ಚೆಲುವಿನ ವಿಮಾನವಲ್ಲ. ಆದರೆ ಆ ಗೂನು ಏಕೆಂದು ಗೊತ್ತಾದ ಮೇಲೆ ನನಗೆ ಅದಕ್ಕಿಂತ ಚೆಲುವಾದ ವಿಮಾನ ಕಾಣುವುದಿಲ್ಲ.

ಬಸಂತ್‌ಗಳು ನಲವತ್ತನ್ನೂ ಮುಟ್ಟಲಿಲ್ಲ. 1980ರ ಹೊತ್ತಿಗೆ ತಯಾರಿ ನಿಂತಿತು. ಗೌಡರು ಇದನ್ನು ಕೇಳಿ ಸ್ವಲ್ಪ ಹೊತ್ತು ಯೋಚಿಸಿ ಒಂದು ಮಾತು ಹೇಳಿದರು. "ನನ್ನ ಗದ್ದಿಗೆ ಇವತ್ತು ಔಷಧ ಬೇಕಂದ್ರ, ಬಾಜೂದವನ ಗದ್ದಿ ಕೊಯ್ಲಿಗೆ ಬಂದಿರ್ತದ. ಅದರಾಚಿ ಇನ್ನೂ ಮಡಿ ಹಾಕಿರ್ತಾರ. ವಿಮಾನಕ್ಕ ಬದು ಕಾಣ್ತಾವೇನು?" ಯಾವ ಗ್ರಂಥದಲ್ಲೂ ನಾನು ಇಷ್ಟು ಚೊಕ್ಕ ವಿವರಣೆ ಓದಿಲ್ಲ. ವಿಮಾನಕ್ಕೆ ಒಂದೇ ಒಡೆತನದ ಒಂದೇ ಬೆಳೆ ಮೈಲಿಗಟ್ಟಲೆ ಬೇಕು. ನಮ್ಮದು ತುಂಡು ಹಿಡುವಳಿ. ಡ್ರೋನ್ ಬದುವಿನ ಲೆಕ್ಕ ಬಲ್ಲದು, ಒಂದು ಎಕರೆಗೆ ಇಳಿದು ಒಂದು ಎಕರೆಗೇ ಏಳುತ್ತದೆ. ಆದರೂ ಆಕಾಶದಿಂದ ಔಷಧ ಹೊಡೆಯುವ ವಿಚಾರಕ್ಕೆ ನಮ್ಮ ನಾಡಿನಲ್ಲೇ ಐವತ್ತು ವರ್ಷ ದಾಟಿದ ಹಿರಿಯನಿದ್ದಾನೆ ಎಂದು ಬದುವಿನ ಮೇಲೆ ನಿಂತ ಹುಡುಗರಿಗೆ ತಿಳಿಯಬೇಡವೇ?

ಅವರಿಗೆ ತಿಳಿಯಲಿ ಎಂದರೆ ಅಂಗಡಿಯಲ್ಲಿ ಬಸಂತ್‌ನ ಕಿಟ್ ಸಿಗುವುದಿಲ್ಲ. ಈ ಕಿಟ್‌ಗಳ ಸಂಗತಿ ಹೇಳುತ್ತೇನೆ ಕೇಳಿ. ಉಕ್ಕಿನ ಅಚ್ಚಿಗೆ ಕಾದ ಪಾಲಿಸ್ಟೈರೀನನ್ನು ಒತ್ತಡದಿಂದ ತುಂಬಿ ತೆಗೆಯುತ್ತಾರೆ. ಪೆಟ್ಟಿಗೆ ತೆರೆದರೆ ಬೂದು ಬಣ್ಣದ ತುಂಡುಗಳು ಒಂದು ಚೌಕಟ್ಟಿಗೆ ಅಂಟಿಕೊಂಡಿರುತ್ತವೆ. ಆ ಚೌಕಟ್ಟಿನ ಕಡ್ಡಿಗೆ ಸ್ಪ್ರೂ ಎಂದು ಹೆಸರು. ತುಂಡನ್ನು ಕತ್ತರಿಸಿ, ಉಜ್ಜಿ, ಅಂಟಿಸಿ, ಬಣ್ಣ ಬಳಿದು, ಕೊನೆಗೆ ನೀರಲ್ಲಿ ನೆನೆಸಿದ ಡೆಕಾಲ್‌ಗಳನ್ನು, ಅಂದರೆ ಗುರುತಿನ ಅಂಟುಚಿತ್ರಗಳನ್ನು, ಜಾರಿಸಿ ಕೂಡಿಸಬೇಕು. ಇಂಗ್ಲೆಂಡಿನ ಫ್ರಾಗ್ ಕಂಪನಿ 1936ರಲ್ಲಿ ಪೆಂಗ್ವಿನ್ ಎಂಬ ಹೆಸರಲ್ಲಿ ಇಂಥ ಪ್ಲಾಸ್ಟಿಕ್ ಕಿಟ್‌ಗಳನ್ನು ಮೊದಲು ತಂದಿತು. ತುಂಗಭದ್ರೆಗೆ ಅಣೆಕಟ್ಟು ಎದ್ದು ನಮ್ಮ ನಾಲೆಗಳನ್ನು ತೋಡುತ್ತಿದ್ದ ಐವತ್ತರ ದಶಕದಲ್ಲಿ ಏರ್‌ಫಿಕ್ಸ್‌ನವರ ಸ್ಪಿಟ್‌ಫೈರ್ ಬಂತು. ಆಮೇಲೆ ಜಪಾನಿನ ಶಿಜುವೊಕಾದ ಟಾಮಿಯಾ ಬಂದು ತುಂಡಿಗೆ ತುಂಡು ಕೂಡುವ ನಯದಲ್ಲಿ ಎಲ್ಲರನ್ನೂ ಮೀರಿಸಿತು. ಟಾಮಿಯಾದವರು ಶುರುಮಾಡಿದ್ದು ಮರದ ವ್ಯಾಪಾರದಿಂದ ಎನ್ನುವುದು ನನಗೆ ಪ್ರೀತಿಯ ಸಂಗತಿ.

ಉಕ್ಕಿನ ಅಚ್ಚು ಕೊರೆಸಲು ಬಹಳ ಹಣ ಬೇಕು. ಹಾಗಾಗಿ ಜಗತ್ತೆಲ್ಲ ಕೊಳ್ಳುವ ವಿಮಾನಕ್ಕೆ ಮಾತ್ರ ಅಚ್ಚು. ಸ್ಪಿಟ್‌ಫೈರ್ ಎಷ್ಟು ಬೇಕಾದರೂ ಸಿಗುತ್ತದೆ, ಮಸ್ಟಾಂಗ್ ಸಿಗುತ್ತದೆ, ಮಿಗ್-21 ಸಿಗುತ್ತದೆ. ಬ್ರಿಟನ್ನಿನಲ್ಲಿ ಹುಟ್ಟಿ ಎಚ್‌ಎಎಲ್‌ನಲ್ಲೂ ತಯಾರಾದ ನ್ಯಾಟ್ ಸಿಗುತ್ತದೆ. ಬೀದರಿನ ವಾಯುನೆಲೆಯಿಂದ ಎದ್ದು ನಮ್ಮ ಕಲ್ಯಾಣ ಕರ್ನಾಟಕದ ಆಕಾಶದಲ್ಲಿ ಲಾಗ ಹಾಕುವ ಸೂರ್ಯಕಿರಣ ತಂಡದ ಹಾಕ್ ಕೂಡ ಏರ್‌ಫಿಕ್ಸ್‌ನ ಹಾಕ್ ಕಿಟ್‌ಗೆ ಕೆಂಪು–ಬಿಳಿ ಬಣ್ಣ ಬಳಿದರೆ ಆಗುತ್ತದೆ. ಭಾರತದ ಹಾಕ್‌ನ ಮೂಗು ಹಳೆಯ ಬ್ರಿಟಿಷ್ ಹಾಕ್‌ನದಕ್ಕಿಂತ ಉದ್ದ ಎಂದು ನೆನಪಿಟ್ಟುಕೊಂಡು ಕಿಟ್ ಆರಿಸಬೇಕು, ಅಷ್ಟೇ. ಆದರೆ ಬೆಂಗಳೂರಿನಲ್ಲಿ ಚಿತ್ರ ಬಿಡಿಸಿ, ಬೆಂಗಳೂರಿನಲ್ಲೇ ಕಟ್ಟಿ ಹಾರಿಸಿದವುಗಳ ಕಥೆ ಬೇರೆ. ವಿ. ಎಂ. ಘಾಟಗೆಯವರ ತಂಡ ಮಾಡಿದ, 1951ರಲ್ಲಿ ಹಾರಿದ ಎಚ್‌ಟಿ-2. 1961ರ ಮಾರುತ್. 1964ರ ಕಿರಣ್. ನಮ್ಮ ಬಸಂತ್. ಏರ್‌ಫಿಕ್ಸ್ ಮತ್ತು ಟಾಮಿಯಾದ ಪೆಟ್ಟಿಗೆಗಳ ಸಾಲಿನಲ್ಲಿ ಇವುಗಳಿಗೆ ಜಾಗ ಸಿಕ್ಕಿಲ್ಲ. ಯಾರನ್ನೂ ದೂರಬೇಕಾಗಿಲ್ಲ, ವ್ಯಾಪಾರದ ಲೆಕ್ಕ ಹಾಗಿದೆ. ಸಿಗದಿದ್ದರೆ ಮಾಡಿಕೊಳ್ಳಬೇಕು. ಒಳ್ಳೆಯ ಕಿಟ್ ಒಂದಕ್ಕೆ ಒಂದು ಕ್ವಿಂಟಲ್ ಭತ್ತದ ದುಡ್ಡು ಸಾಲದ ಈ ಕಾಲದಲ್ಲಿ ಮಾಡಿಕೊಳ್ಳುವುದು ಕಿಸೆಗೂ ಹಗುರ.

ಮಾಡಿಕೊಳ್ಳುವವನಿಗೆ ಮೊದಲು ಬೇಕಾದದ್ದು ಪಾಲಿನ ಲೆಕ್ಕ. ಎಪ್ಪತ್ತೆರಡರಲ್ಲಿ ಒಂದು ಎಂದರೆ ಆರಡಿ ಆಳು ಒಂದು ಇಂಚಾಗುತ್ತಾನೆ, ಆರಡಿಗೆ ಎಪ್ಪತ್ತೆರಡು ಇಂಚು ತಾನೆ. ಬಸಂತ್‌ನ ರೆಕ್ಕೆ ತುದಿಯಿಂದ ತುದಿಗೆ 12 ಮೀಟರ್, ಉದ್ದ 9 ಮೀಟರ್. ಭಾಗಿಸಿದರೆ ರೆಕ್ಕೆ 16.7 ಸೆಂಟಿಮೀಟರ್, ಉದ್ದ 12.5 ಸೆಂಟಿಮೀಟರ್. ಗೌಡರು ಪಾಲಿಗೆ ಹೊಲ ಕೊಟ್ಟವರು, ಪಾಲಿನ ಲೆಕ್ಕದಲ್ಲಿ ಪಳಗಿದವರು. "ಹಂಗಂದ್ರ ನನ್ನ ಗದ್ದಿ ಒಂದು ಎಕರೆ ಇದ್ರ ನಿಮ್ಮ ಲೆಕ್ಕದಾಗ ಎಷ್ಟಾತು?" ಎಂದರು. ಎಕರೆ ಎಂದರೆ ಸುಮಾರು 4,047 ಚದರ ಮೀಟರ್. ಉದ್ದಕ್ಕೊಮ್ಮೆ ಅಗಲಕ್ಕೊಮ್ಮೆ ಎಪ್ಪತ್ತೆರಡರಿಂದ ಭಾಗಿಸಬೇಕು. ಮುಕ್ಕಾಲು ಚದರ ಮೀಟರಿಗಿಂತ ಒಂದಿಷ್ಟು ಹೆಚ್ಚು ಬಂತು. ನಮ್ಮ ಬಾಗಿಲ ಮುಂದಿನ ರಂಗೋಲಿಯ ಜಾಗದಲ್ಲಿ ಅವರ ಒಂದು ಎಕರೆ ಗದ್ದೆ ಕೂತುಬಿಟ್ಟಿತು. ಅದನ್ನು ನೋಡುತ್ತಾ ಗೌಡರು ಬಹಳ ಹೊತ್ತು ನಿಂತರು. ಆ ರಂಗೋಲಿಯ ಮೇಲೆ ಬಸಂತ್ ಇಟ್ಟು ತೋರಿಸಿದೆ. ಒಂದು ಎಕರೆಯಲ್ಲಿ ಈ ವಿಮಾನ ತಿರುಗಲಾರದು ಎಂದು ಯಾರೂ ಹೇಳಿಕೊಡದೆ ಅವರಿಗೆ ಹೊಳೆಯಿತು.

ಸಾಮಾನಿಗೆ ಸಿಂಧನೂರು ಪೇಟೆ ಸಾಕು. ನನ್ನ ಬಸಂತ್‌ನ ಒಡಲು ಜೋಳದ ದಂಟಿನ ಬೆಂಡು. ದಢೇಸುಗೂರಿನ ಸುತ್ತ ಈಗ ಎಲ್ಲಿ ನೋಡಿದರೂ ಭತ್ತ. ಬಿಳಿಜೋಳದ ದಂಟು ಬೇಕಾದರೆ ಮಸ್ಕಿ, ಲಿಂಗಸುಗೂರಿನ ಮಳೆಯಾಶ್ರಿತ ಎರೆಹೊಲಗಳ ಕಡೆಗೆ ಹೋಗಬೇಕು. ಈ ಸೀಮೆಯ ಮಕ್ಕಳು ಆ ದಂಟಿನ ಸಿಬರು ಸುಲಿದು, ಬೆಂಡಿಗೆ ಸಿಬರು ಚುಚ್ಚಿ ಬಂಡಿ, ಕನ್ನಡಕ ಮಾಡಿಕೊಂಡೇ ಬೆಳೆದವರು. ಪರದೇಶದವರು ಬಾಲ್ಸಾ ಮರ ಹುಡುಕುವ ಕೆಲಸಕ್ಕೆ ನಮ್ಮಲ್ಲಿ ದಂಟಿದೆ, ಬಾಸಿಂಗ ಮಾಡುವ ಬೆಂಡಿದೆ. ದಂಟು ಚೆನ್ನಾಗಿ ಒಣಗಿರಬೇಕು, ಹಸಿಯದು ಕುಗ್ಗಿ ರೆಕ್ಕೆ ತಿರುಚುತ್ತದೆ. ಹೊಸ ಬ್ಲೇಡಿನಲ್ಲಿ ಎಳೆಯುವಂತೆ ಕೊಯ್ಯಬೇಕು, ಒತ್ತಿದರೆ ಬೆಂಡು ನಜ್ಜಾಗುತ್ತದೆ. ಬೆಂಡಿನ ರಂಧ್ರಗಳು ಬಣ್ಣ ಕುಡಿಯುತ್ತವೆ, ಅದಕ್ಕೆ ಫೆವಿಕಾಲ್‌ಗೆ ನೀರು ಮತ್ತು ಮುಖದ ಪೌಡರ್ ಕಲಸಿ ಒಂದು ಕೈ ಬಳಿದು, ಒಣಗಿದ ಮೇಲೆ ಉಜ್ಜಿ, ಮತ್ತೆ ಬಳಿದು ಮತ್ತೆ ಉಜ್ಜಬೇಕು. ರೆಕ್ಕೆಗೆ ತೆಳು ಪ್ಲಾಸ್ಟಿಕ್ ಹಾಳೆ ಒಳ್ಳೆಯದು, ಅಂಚು ಕತ್ತಿಯಂತೆ ಬರುತ್ತದೆ.

ಔಷಧ ಸಿಂಪಡಿಸುವ ಕೊಳವೆ ಕೂದಲೆಳೆಯಷ್ಟು ಇರಬೇಕು. ಅದಕ್ಕೆ ಹಳೆಯ ಕಿಟ್‌ನ ಸ್ಪ್ರೂ ಕಡ್ಡಿಯನ್ನು ಮೇಣದ ಬತ್ತಿಯ ಮೇಲೆ, ಉರಿಗೆ ತಾಗದಂತೆ, ತಿರುಗಿಸುತ್ತಾ ಹಿಡಿಯುತ್ತೇನೆ. ಮೆತ್ತಗಾಗಿ ಹೊಳೆದ ಕೂಡಲೇ ಉರಿಯಿಂದ ಆಚೆ ತಂದು ಎರಡೂ ಕೈಯಿಂದ ಎಳೆಯಬೇಕು. ನಿಧಾನವಾಗಿ ಎಳೆದರೆ ದಪ್ಪ ಎಳೆ, ಬೇಗ ಎಳೆದರೆ ಸಣ್ಣ ಎಳೆ. ಗಾಳಿಯ ವೇಗ ಅಳೆಯುವ ಪಿಟಾಟ್ ಕೊಳವೆಗೆ ಇಂಜೆಕ್ಷನ್ ಸೂಜಿ. ಹೊಗೆ ಕೊಳವೆಗೆ ಬಾಲ್ ಪೆನ್ನಿನ ರೀಫಿಲ್. ಪೈಲಟ್ ಗೂಡಿನ ಗಾಜಿಗೆ ನೀರಿನ ಬಾಟಲಿ. ಮರದಲ್ಲಿ ಗೂಡಿನ ಆಕಾರ ಕೆತ್ತಿ, ಬಾಟಲಿಯೊಳಗೆ ಇಟ್ಟು ಬಿಸಿಗಾಳಿ ಹಾಯಿಸಿದರೆ ಪ್ಲಾಸ್ಟಿಕ್ ಕುಗ್ಗಿ ಮರವನ್ನು ಅಪ್ಪಿಕೊಳ್ಳುತ್ತದೆ. ಅದನ್ನು ಕತ್ತರಿಸಿ ತೆಗೆದರೆ ಪಾರದರ್ಶಕ ಗೂಡು. ಎಷ್ಟು ಸಲ ಮಾಡಿದರೂ ಈ ಗಳಿಗೆ ನನಗೆ ಹಬ್ಬವೇ.

ನಮ್ಮೂರಿನ ಹವೆ ಈ ಕೆಲಸಕ್ಕೆ ಒಗ್ಗುವುದಿಲ್ಲ ಎಂದು ಊರು ಬಿಟ್ಟು ಹೋದ ಗೆಳೆಯರು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಹವೆಯನ್ನು ಅರಿತು ಕೆಲಸ ಹಂಚಿಕೊಳ್ಳಬೇಕು. ಬೇಸಿಗೆಯಲ್ಲಿ ನಲವತ್ತು ಡಿಗ್ರಿ ದಾಟಿದಾಗ ನೀರಿನ ಅಕ್ರಿಲಿಕ್ ಬಣ್ಣ ಏರ್‌ಬ್ರಷ್‌ನ ಸೂಜಿಯ ತುದಿಯಲ್ಲೇ ಒಣಗಿ ಕೂತುಬಿಡುತ್ತದೆ. ಅದಕ್ಕೆ ಬೆಳಗಿನ ಜಾವ ಬಣ್ಣ, ಮಧ್ಯಾಹ್ನ ಕೊರೆಯುವ ಕೆಲಸ. ಕಿಟ್ ಪೆಟ್ಟಿಗೆಯನ್ನು ಬಿಸಿಲಲ್ಲಿ ನಿಂತ ಕಾರಿನೊಳಗೆ ಬಿಡಬಾರದು, ತೆಳು ತುಂಡುಗಳು ಸೊಟ್ಟಗಾಗುತ್ತವೆ. ಮಳೆಗಾಲದಲ್ಲಿ ಲ್ಯಾಕರ್ ಬಳಿದರೆ ಮೇಲೆ ಬಿಳಿ ಪೊರೆ ಕಟ್ಟುತ್ತದೆ. ಲ್ಯಾಕರಿನ ದ್ರವ ಆರುವಾಗ ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲೇ ಕೂರುವುದು ಅದಕ್ಕೆ ಕಾರಣ. ಆ ತಿಂಗಳು ಲ್ಯಾಕರ್ ಮುಟ್ಟದೆ ಎನಾಮೆಲ್ ಹಿಡಿಯುವುದು ಮೇಲು. ಕಟಾವು ಯಂತ್ರಗಳು ಗದ್ದೆಗೆ ಇಳಿದ ವಾರ ಭತ್ತದ ಹೊಟ್ಟಿನ ದೂಳು ಊರನ್ನೆಲ್ಲ ಮುಚ್ಚುತ್ತದೆ. ಆಗ ಬಣ್ಣ ಬಳಿದದ್ದರ ಮೇಲೆ ಒಂದು ಬೋಗುಣಿ ಬೋರಲು ಹಾಕಿಬಿಟ್ಟರೆ ಆಯಿತು.

ಬಣ್ಣದ ವಿಷಯಕ್ಕೆ ಬಂದರೆ ನನಗೊಂದು ಗಟ್ಟಿ ಅಭಿಪ್ರಾಯ ಇದೆ. ಈಗಿನ ಮಾಡೆಲ್‌ಗಳಲ್ಲಿ ಹಾಳೆ ಹಾಳೆ ಕೂಡುವ ಗೆರೆಗಳಿಗೆಲ್ಲ ಕಪ್ಪು ತುಂಬಿ ವಿಮಾನವನ್ನು ಚದುರಂಗದ ಮಣೆ ಮಾಡಿಬಿಡುತ್ತಾರೆ. ಲೆಕ್ಕ ಹಾಕಿ ನೋಡಿ: ಐದು ಮಿಲಿಮೀಟರಿನ ರಿವೆಟ್ ತಲೆ ಎಪ್ಪತ್ತೆರಡರ ಪಾಲಿನಲ್ಲಿ 0.07 ಮಿಲಿಮೀಟರ್. ಕಣ್ಣಿಗೆ ಅದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಇಲ್ಲದ್ದನ್ನು ತೋರಿಸುವುದು ವಿವರ ಅಲ್ಲ, ಅಲಂಕಾರ. ನಿಜವಾದ ವಿವರ ಬೇರೆ ಕಡೆ ಇರುತ್ತದೆ. ಔಷಧದ ವಿಮಾನದ ಹೊಟ್ಟೆಯ ಕೆಳಗೆ ಕೊಳವೆಯಿಂದ ಸೋರಿದ ಔಷಧ ಗಾಳಿಗೆ ಹಿಂದಕ್ಕೆ ಹರಿದ ಕಲೆ ಇರಬೇಕು. ತೊಟ್ಟಿಯ ಮುಚ್ಚಳದ ಸುತ್ತ ಚೆಲ್ಲಿದ ಗುರುತಿರಬೇಕು. ಪೈಲಟ್ ಹತ್ತಿ ಇಳಿಯುವಲ್ಲಿ ರೆಕ್ಕೆಯ ಬಣ್ಣ ಸವೆದಿರಬೇಕು. ಗಾಲಿಗೆ ಮಣ್ಣು ಹತ್ತಿರಬೇಕು. ಬಸಂತ್ ಎಲ್ಲೆಲ್ಲಿ ಹಾರಿತೋ ಆಯಾ ನೆಲದ ಮಣ್ಣಿನ ಬಣ್ಣ ಬೇರೆ, ಆದ್ದರಿಂದ ಫೋಟೊ ನೋಡದೆ ಮಣ್ಣು ಮೆತ್ತುವುದೂ ತಪ್ಪೇ. ಕೆಲಸ ಮಾಡಿದ ಯಂತ್ರದ ಮೈಮೇಲೆ ಆ ಕೆಲಸ ಕಾಣಬೇಕು, ಬೇರೇನೂ ಕಾಣಬಾರದು.

ಗೌಡರ ಮಡದಿ ಒಮ್ಮೆ ಕೇಳಿದರು, "ಈ ಪುಟ್ಟಿ, ಪ್ರೈಮರ್ ಅಂತೀರಲ್ಲ, ಅದೆಲ್ಲ ಫಾರಿನ್ನಿಂದ ಬರಬೇಕೇನು?" ಬೇಡ ಅಕ್ಕಾ. ಕೊಪ್ಪಳದ ಪಕ್ಕದ ಕಿನ್ನಾಳಕ್ಕೆ ಹೋದರೆ ಸಾಕು. ಅಲ್ಲಿನ ಚಿತ್ರಗಾರರು ತಲೆಮಾರುಗಳಿಂದ ಹಗುರ ಮರದಲ್ಲಿ ದೇವರ ಮೂರ್ತಿ, ಗೊಂಬೆ, ಹಣ್ಣು, ಪ್ರಾಣಿ ಮಾಡುತ್ತಾ ಬಂದಿದ್ದಾರೆ. ಭೌಗೋಳಿಕ ಸೂಚಿಯ ಮಾನ್ಯತೆಯೂ ಆ ಕಲೆಗೆ ಸಿಕ್ಕಿದೆ. ಅವರ ತುಂಡು ಕೂಡಿಸುವ ಅಂಟು ಹುಣಸೆ ಬೀಜದ್ದು. ಗೋಣಿಯ ಚಿಂದಿಯನ್ನು ನೆನೆಸಿ, ಚೂರು ಮಾಡಿ, ಒಣಗಿಸಿ, ಪುಡಿಗುಟ್ಟಿ, ಮರದ ಹೊಟ್ಟು ಮತ್ತು ಹುಣಸೆ ಬೀಜದ ಅಂಟಿನಲ್ಲಿ ಕಲಸಿದರೆ ಅದು ಕಿಟ್ಟ. ಮೂರ್ತಿಯ ಮೈಗೆಲ್ಲ ಕಿಟ್ಟ ಮೆತ್ತಿ, ಮೇಲೆ ಅರಿವೆಯ ಚೂರು ಅಂಟಿಸಿ, ಅದರ ಮೇಲೆ ಕಲ್ಲಿನ ಪುಡಿಯ ಲೇಪ ಹಚ್ಚಿ ಬಣ್ಣಕ್ಕೆ ನೆಲ ಸಿದ್ಧ ಮಾಡುತ್ತಾರೆ. ಟಾಮಿಯಾದ ಕೊಳವೆಯಲ್ಲಿ ಬರುವ ಪುಟ್ಟಿ ಮಾಡುವುದೂ ಇದೇ ಕೆಲಸ, ಡಬ್ಬಿಯಲ್ಲಿ ಬರುವ ಪ್ರೈಮರ್ ಮಾಡುವುದೂ ಇದೇ ಕೆಲಸ. ಜೋಡಣೆಯ ಗೆರೆ ಮಾಯವಾಗಬೇಕು, ಮೇಲಿನ ಬಣ್ಣ ಒಂದೇ ಸಮ ಕೂರಬೇಕು. ತವರವನ್ನು ನುಣ್ಣಗೆ ಮಾಡಿ ಬಳಿದು ಲೋಹದ ಹೊಳಪು ತರುವ ಲಾಜವಾರ ಎಂಬ ಪದ್ಧತಿಯೂ ಅವರಲ್ಲಿದೆ. ಬಣ್ಣ ಬಳಿಯದ ಅಲ್ಯೂಮಿನಿಯಂ ಮೈಯ ಹಳೆಯ ವಿಮಾನಕ್ಕೆ ಅದಕ್ಕಿಂತ ಹೊಂದುವ ಹೊಳಪು ಬೇಕೆ? ಕಿನ್ನಾಳದ ಕೈಯಲ್ಲಿ ಒಂದು ಮಾರುತ್ ಮೂಡಬೇಕೆಂಬುದು ನನ್ನ ಬಹುದಿನದ ಆಸೆ.

ಮಾರುತ್ ಎಂದಾಗ ಹೇಳಲೇಬೇಕಾದ ಸಂಗತಿ ಒಂದಿದೆ. ಜರ್ಮನಿಯ ಕುರ್ಟ್ ಟ್ಯಾಂಕ್, ಫೊಕೆ-ವುಲ್ಫ್ 190 ರೂಪಿಸಿದವರು, 1956ರಲ್ಲಿ ಭಾರತಕ್ಕೆ ಬಂದು ಬೆಂಗಳೂರಿನಲ್ಲಿ ನಮ್ಮ ಎಂಜಿನಿಯರುಗಳ ಜತೆ ಎಚ್‌ಎಫ್-24 ಮಾರುತ್‌ನ ಚಿತ್ರ ಬರೆದರು. ಜೆಟ್ ವಿಮಾನ ಕಟ್ಟುವ ಮೊದಲು ಅವರು ಮಾಡಿದ್ದೇನು ಗೊತ್ತೇ? ಮರದ ಮಾಡೆಲ್. ಅದೂ ಎಪ್ಪತ್ತೆರಡರ ಪಾಲಲ್ಲ, ಒಂದಕ್ಕೆ ಒಂದೇ. ನಿಜವಾದ ಅಳತೆಯ, ಎಂಜಿನ್ ಇಲ್ಲದ, ಮರದ ಮಾರುತ್. ಅದನ್ನು ಡಕೋಟ ವಿಮಾನಕ್ಕೆ ಕಟ್ಟಿ ಮೇಲಕ್ಕೆಳೆದುಕೊಂಡು ಹೋಗಿ ಬಿಡುತ್ತಿದ್ದರು. ಅದು ಗಾಳಿಯಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು ನೋಡಿ ಕಲಿತು ಆಮೇಲೆ ಲೋಹಕ್ಕೆ ಕೈ ಹಾಕಿದರು. 1961ರ ಜೂನ್ 17ರಂದು ಪರೀಕ್ಷಾ ಪೈಲಟ್ ಸುರಂಜನ್ ದಾಸ್ ನಿಜವಾದ ಮಾರುತ್ ಹಾರಿಸಿದರು. ಬೆಂಗಳೂರಿನ ಸುರಂಜನ್ ದಾಸ್ ರಸ್ತೆ ಅವರ ಹೆಸರಿನದೇ. 1970ರಲ್ಲಿ ಮಾರುತ್ ಅಪಘಾತದಲ್ಲೇ ಅವರು ತೀರಿಕೊಂಡರು. ಒಟ್ಟು 147 ಮಾರುತ್‌ಗಳು ತಯಾರಾದವು. 1971ರ ಯುದ್ಧದಲ್ಲಿ ಲೋಂಗೆವಾಲಾದ ಮರಳುಗಾಡಿನಲ್ಲಿ ಅವು ಕಾದಿದವು. ಒಂದು ಮಾರುತ್ ಈಗ ಜರ್ಮನಿಯ ಷ್ಲೈಸ್‌ಹೈಮ್ ವಸ್ತುಸಂಗ್ರಹಾಲಯದಲ್ಲಿದೆ, ಟ್ಯಾಂಕ್‌ರ ನಾಡಿನಲ್ಲಿ. ನಮಗೆ ಹತ್ತಿರದ್ದು ಬೆಂಗಳೂರಿನ ಎಚ್‌ಎಎಲ್ ವಸ್ತುಸಂಗ್ರಹಾಲಯದ್ದು.

ಮಾಡೆಲ್ ಮಾಡುವುದು ಆಟ ಎನ್ನುವವರಿಗೆ ನಾನು ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯದ, ಅಂದರೆ ಎನ್‌ಎಎಲ್‌ನ, ಗಾಳಿಸುರಂಗವನ್ನು ತೋರಿಸಲು ಬಯಸುತ್ತೇನೆ. 1.2 ಮೀಟರಿನ ಆ ಸುರಂಗ 1967ರಿಂದ ನಡೆಯುತ್ತಿದೆ. ತೇಜಸ್ ಹಾರುವ ಮುಂಚೆ ತೇಜಸ್‌ನ ಮಾಡೆಲ್ ಅಲ್ಲಿ ಗಾಳಿಗೆ ಮುಖ ಕೊಟ್ಟಿತು. ಪಿಎಸ್‌ಎಲ್‌ವಿ ರಾಕೆಟ್ಟಿನ ಮಾಡೆಲ್ ಕೂಡ. ಅಲ್ಲಿಯ ಮಾಡೆಲ್‌ಗಳು ಲೋಹದವು, ಅಳತೆ ಕೂದಲೆಳೆಯಷ್ಟೂ ತಪ್ಪುವಂತಿಲ್ಲ. ಆದರೆ ಅಳತೆಯನ್ನು ಭಾಗಿಸಿ, ಆಕಾರವನ್ನು ಕೈಗೆ ತಂದು, ಅದರಿಂದ ದೊಡ್ಡದನ್ನು ತಿಳಿಯುವ ಕ್ರಮ ಅದೇ. ಇನ್ನೊಂದು ಉದಾಹರಣೆ ಇದೆ. 1942ರಲ್ಲಿ ಅಮೆರಿಕದ ನೌಕಾಪಡೆ ತನ್ನ ದೇಶದ ಶಾಲಾ ಮಕ್ಕಳಿಗೆ ಐದು ಲಕ್ಷ ಮರದ ವಿಮಾನ ಕೆತ್ತಿ ಕೊಡಿ ಎಂದು ಕೇಳಿತು. ಎಲ್ಲ ಎಪ್ಪತ್ತೆರಡರ ಪಾಲು, ಎಲ್ಲಕ್ಕೂ ಕಪ್ಪು ಬಣ್ಣ. ಆಕಾಶದಲ್ಲಿ ಕಂಡದ್ದು ನಮ್ಮದೋ ಶತ್ರುವಿನದೋ ಎಂದು ಸೈನಿಕರಿಗೆ ಕಲಿಸಲು ಅವು ಬೇಕಾಗಿದ್ದವು. ಹೈಸ್ಕೂಲು ಹುಡುಗ ಹುಡುಗಿಯರು ಚಿತ್ರ ನೋಡಿ ಕೆತ್ತಿ ಕಳಿಸಿದರು. ಒಂದು ದೇಶ ತನ್ನ ಮಕ್ಕಳ ಕೈಗಳನ್ನು ಅಷ್ಟು ನಂಬಿತ್ತು.

ನಮ್ಮ ಮಕ್ಕಳ ಕೈಗಳಲ್ಲಿ ಆ ಕಸುವು ಇಲ್ಲವೆಂದು ನಾನು ನಂಬಲಾರೆ. ಗೌಡರ ಮೊಮ್ಮಗಳು, ಒಂಬತ್ತನೇ ತರಗತಿ, ಬೇಲಿಯ ಈಚೆಗೆ ಬಂದು ಕೂರತೊಡಗಿದ್ದಾಳೆ. ಮೊದಲ ದಿನ ಅವಳು ಕೇಳಿದ್ದು ಹಾರ್ತದೇನ್ರಿ ಎಂದಲ್ಲ. ರೆಕ್ಕೆ ಮೇಲೆ ಯಾಕೆ ಉಬ್ಬಿದೆ, ಕೆಳಗೆ ಯಾಕೆ ಚಪ್ಪಟೆ ಇದೆ ಎಂದು ಕೇಳಿದಳು. ಗಾಳಿಯನ್ನು ಕೆಳಕ್ಕೆ ತಳ್ಳಿದರೆ ರೆಕ್ಕೆ ಮೇಲಕ್ಕೇಳುತ್ತದೆ, ಆ ಉಬ್ಬು ಗಾಳಿಯನ್ನು ಬಾಗಿಸಿ ಕೆಳಕ್ಕೆ ಕಳಿಸಲು ನೆರವಾಗುತ್ತದೆ ಎಂದೆ. ಓಡುವ ಬಸ್ಸಿನ ಕಿಟಕಿಯ ಪಕ್ಕ ಹಿಡಿದ ಹಾಳೆ ಏಳುವುದನ್ನು ನೋಡಿದ್ದೇನೆ ಎಂದಳು. ಉಜ್ಜು ಕಾಗದ ಅವಳ ಕೈಗೆ ಕೊಟ್ಟೆ. ಈಗ ಎಡರೆಕ್ಕೆ ಅವಳದ್ದು. ಬಲರೆಕ್ಕೆಗಿಂತ ಅದರ ಅಂಚು ತೆಳುವಾಗಿ ಬಂದಿದೆ.

ಈ ಹರಟೆ ಓದುವವರಲ್ಲಿ ಸಿಂಧನೂರು, ಮಸ್ಕಿ, ಲಿಂಗಸುಗೂರಿನ ಹೈಸ್ಕೂಲು ಮೇಷ್ಟ್ರು, ಟೀಚರ್ ಯಾರಾದರೂ ಇದ್ದರೆ ಒಂದು ಕೋರಿಕೆ. ವಿಜ್ಞಾನ ಪ್ರದರ್ಶನಕ್ಕೆ ಥರ್ಮೋಕೋಲಿನ ಜ್ವಾಲಾಮುಖಿ ಸಾಕು. ಈ ವರ್ಷ ಮಕ್ಕಳಿಗೆ ಬಸಂತ್‌ನ ಅಳತೆ ಕೊಡಿ: ರೆಕ್ಕೆ 16.7, ಉದ್ದ 12.5 ಸೆಂಟಿಮೀಟರ್. ಜೋಳದ ದಂಟು ಕೊಡಿ. ಭಾಗಾಕಾರ ಅವರೇ ಮಾಡಲಿ, ಚಿತ್ರ ಅವರೇ ಹುಡುಕಲಿ. ಕೆಟ್ಟರೆ ಇನ್ನೊಂದು ದಂಟು ಇದ್ದೇ ಇದೆ. ನಮ್ಮೂರಿನಲ್ಲಿ ಕೃಷಿ ಸಂಶೋಧನಾ ಕೇಂದ್ರ ಇದೆ, ಅದರ ತಾಯಿಮನೆ ರಾಯಚೂರಿನ ಕೃಷಿ ವಿಶ್ವವಿದ್ಯಾಲಯ. ಅಲ್ಲಿ ಕೃಷಿ ಮೇಳ ನಡೆಯುವಾಗ ಡ್ರೋನ್ ಮಳಿಗೆಯ ಮುಂದೆ ರೈತರ ಗುಂಪು ಕೂಡುತ್ತದೆ. ಆ ಡ್ರೋನ್ ಪಕ್ಕದಲ್ಲಿ ಒಂದು ಮೇಜು ಹಾಕಿ, ಮಕ್ಕಳು ಮಾಡಿದ ಬಸಂತ್ ಇಟ್ಟು, 1972, ಬೆಂಗಳೂರು ಎಂದು ದಪ್ಪ ಅಕ್ಷರದಲ್ಲಿ ಬರೆಯಿರಿ. ದಂಟು ಬೇಕಾದವರು ಬೇಲಿಯ ಹತ್ತಿರ ಬಂದು ಕೇಳಿ, ನನ್ನ ಅಟ್ಟದ ಮೇಲೆ ಒಂದು ಹೊರೆ ಒಣಗಿಸಿ ಇಟ್ಟಿದ್ದೇನೆ.